ಕೆಸುವಿನ ಕೆರೆತ, ಮಗುವಿನ ಕಿಡ್ನಿ, ಜೀನಿನ ಬಾಯಿ ಮುಚ್ಚಿಸುವ ಇಂಜೆಕ್ಷನ್

ಮಳೆ ಹಿಡಿದ ಮೇಲೆ ಮಲೆನಾಡಿನ ಮನೆಗಳಲ್ಲಿ ಒಂದು ಸಲವಾದರೂ ಪತ್ರೊಡೆ ಆಗಲೇಬೇಕು. ಕೆಸುವಿನೆಲೆಯ ನರ ತೆಗೆದು, ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕಿ ಅರೆಯುವುದು ಏಕೆ ಎಂದು ಯಾವ ಅಜ್ಜಿಯನ್ನು ಕೇಳಿದರೂ ಉತ್ತರ ಒಂದೇ: ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಕೆರೆತ ಎಲೆಯೊಳಗಿನ ಸೂಜಿಯಂಥ ಹರಳುಗಳದ್ದು. ಆ ಹರಳು ಕ್ಯಾಲ್ಸಿಯಂ ಆಕ್ಸಲೇಟ್. ನಮ್ಮ ಕಿಡ್ನಿಯಲ್ಲಿ ಆಗುವ ಕಲ್ಲುಗಳಲ್ಲಿ ಹೆಚ್ಚಿನವು ಇದೇ ಉಪ್ಪಿನವು.

ಕೆಲವು ಮಕ್ಕಳ ದೇಹ ಕೆಸು ತಿನ್ನದೆಯೇ ಈ ಉಪ್ಪನ್ನು ರಾಶಿ ಹಾಕುತ್ತದೆ. ಅವರ ಲಿವರ್ ದಿನವಿಡೀ ಆಕ್ಸಲೇಟ್ ತಯಾರಿಸುತ್ತದೆ, ಕಿಡ್ನಿ ಅದನ್ನು ಹೊರಹಾಕಲು ಹೆಣಗುತ್ತದೆ, ಕೊನೆಗೆ ಕಲ್ಲು ಕಟ್ಟಿಕೊಂಡು ಸೋಲುತ್ತದೆ. ಕಾಯಿಲೆಯ ಹೆಸರು ಪ್ರೈಮರಿ ಹೈಪರ್ಆಕ್ಸಲೂರಿಯಾ ಟೈಪ್ 1. ಉಚ್ಚರಿಸಲು ಕಷ್ಟ, ಆದ್ದರಿಂದ ಇಲ್ಲಿಂದ ಮುಂದೆ ಪಿಎಚ್1 ಎನ್ನೋಣ. ಅಪರೂಪದ ರೋಗ, ನಿಜ. ಆದರೆ ಜೀನನ್ನು ಸುಮ್ಮನಾಗಿಸುವ ಚಿಕಿತ್ಸೆ ಮಕ್ಕಳಲ್ಲಿ ಏನು ಮಾಡಬಲ್ಲದು, ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸದ್ಯಕ್ಕಿಲ್ಲ. ‘ಜೀನ್ ಚಿಕಿತ್ಸೆ ಬಂದಿದೆ, ಇನ್ನು ಎಲ್ಲ ವಂಶವಾಹಿ ರೋಗವೂ ವಾಸಿ’ ಎಂಬ ವಾಟ್ಸ್ಆ್ಯಪ್ ಸಂದೇಶಗಳನ್ನು ಓದಿ ತಲೆ ಕೆಡಿಸಿಕೊಂಡವರಿಗೆ ಇದು ಉಪಯೋಗವಾದೀತು.

ಲಿವರ್ ಕೋಶದ ಒಳಗೆ ಗ್ಲೈಕೊಲೇಟ್ ಎಂಬ ಪದಾರ್ಥವನ್ನು ಒಂದು ಕಿಣ್ವ ಗ್ಲೈಆಕ್ಸಲೇಟ್ ಮಾಡುತ್ತದೆ. ಇನ್ನೊಂದು ಕಿಣ್ವ, ಎಜಿಟಿ, ಅದನ್ನು ಗ್ಲೈಸಿನ್ ಎಂಬ ನಿರುಪದ್ರವಿ ಅಮೈನೊ ಆಮ್ಲವಾಗಿ ಬದಲಾಯಿಸುತ್ತದೆ. ಪಿಎಚ್1 ಇರುವ ಮಗುವಿನಲ್ಲಿ ಎಜಿಟಿಯ ಜೀನ್ ಕೆಟ್ಟಿದೆ. ಅಪ್ಪನಿಂದ ಬಂದ ಪ್ರತಿಯೂ ಅಮ್ಮನಿಂದ ಬಂದ ಪ್ರತಿಯೂ ಎರಡೂ ಕೆಟ್ಟಿರಬೇಕು, ಆಗ ಮಾತ್ರ ರೋಗ. ಎಜಿಟಿ ಕೆಲಸ ಮಾಡದಿದ್ದರೆ ಗ್ಲೈಆಕ್ಸಲೇಟ್ ದಾರಿ ತಪ್ಪಿ ಆಕ್ಸಲೇಟ್ ಆಗುತ್ತದೆ.

ಶಿವಮೊಗ್ಗದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಜುಲೈ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ: ಗಾಜನೂರಿನ ಅಣೆಕಟ್ಟಿನಲ್ಲಿ ಎಷ್ಟು ಗೇಟು ಎತ್ತಿದರು, ತುಂಗೆಯ ಮಂಟಪ ಮುಳುಗಿತೇ? ಊರೊಳಗಿನ ಚರಂಡಿ ಕಟ್ಟಿಕೊಂಡಿದೆ, ಸರಿಮಾಡಲು ಆಗುವುದೇ ಇಲ್ಲ ಎಂದುಕೊಳ್ಳಿ. ಆಗ ಉಳಿದ ದಾರಿ ಮೇಲಿನ ಗೇಟು ಇಳಿಸುವುದು. ನಿಂತ ನೀರು ಕಾಲುವೆ ಹಿಡಿದು ಹೋಗುತ್ತದೆ. ಪಿಎಚ್1 ಚಿಕಿತ್ಸೆಯೂ ಹೀಗೇ. ಕೆಟ್ಟ ಎಜಿಟಿಯನ್ನು ಯಾರೂ ರಿಪೇರಿ ಮಾಡುತ್ತಿಲ್ಲ. ಅದಕ್ಕಿಂತ ಮೇಲಿನ ಹಂತದಲ್ಲಿ, ಗ್ಲೈಆಕ್ಸಲೇಟ್ ತಯಾರಿಸುವ ಕಿಣ್ವವನ್ನು ತಡೆಯುತ್ತಾರೆ. ಆ ಕಿಣ್ವದ ಜೀನ್ ಎಚ್ಎಒ1. ನಿಂತುಹೋದ ಗ್ಲೈಕೊಲೇಟ್ ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು, ಮೂತ್ರದಲ್ಲಿ ಹೋಗಿಬಿಡುತ್ತದೆ, ಹರಳುಗಟ್ಟುವುದಿಲ್ಲ. ಎಚ್ಎಒ1 ಹುಟ್ಟಿನಿಂದಲೇ ಕೆಲಸ ಮಾಡದಿದ್ದರೂ ಆರೋಗ್ಯವಾಗಿರುವ ವಯಸ್ಕರು ಸಿಕ್ಕಿದ್ದಾರೆ. ಆ ಜೀನನ್ನು ಸುಮ್ಮನಾಗಿಸಿದರೆ ದೊಡ್ಡ ಅನಾಹುತವಿಲ್ಲ ಎಂಬ ಧೈರ್ಯ ಬಂದದ್ದರಲ್ಲಿ ಅವರ ಪಾಲೂ ಇದೆ. ಯಾವ ಜೀನಿನ ಬಾಯಿ ಮುಚ್ಚಿಸಬೇಕು ಎಂಬ ಆಯ್ಕೆಯಲ್ಲೇ ಈ ಚಿಕಿತ್ಸೆಯ ಅರ್ಧ ಜಾಣತನವಿದೆ. ರೋಗಕ್ಕೆ ಕಾರಣವಾದ ಜೀನೇ ಗುರಿ ಆಗಬೇಕೆಂದೇನೂ ಇಲ್ಲ.

ಬಾಯಿ ಮುಚ್ಚಿಸುವುದು ಹೇಗೆ? ಮೊದಲ ಸುಳಿವು ಸಿಕ್ಕಿದ್ದು ಹೂವಿನಲ್ಲಿ. 1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣ ಇನ್ನೂ ಗಾಢವಾಗಲಿ ಎಂದು ಬಣ್ಣದ ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದರೆ, ಗಿಡಗಳು ಬಿಳಿ ಹೂ ಬಿಟ್ಟವು. ಸೇರಿಸಿದ್ದೂ ಸುಮ್ಮನಾಗಿತ್ತು, ಮೊದಲಿದ್ದದ್ದೂ ಸುಮ್ಮನಾಗಿತ್ತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಪುಟ್ಟ ಹುಳುವಿನಲ್ಲಿ ಇದರ ಗುಟ್ಟು ಬಿಡಿಸಿದರು: ಎರಡೆಳೆಯ ಆರ್ಎನ್ಎ (ಡಿಎನ್ಎಯ ಹತ್ತಿರದ ಸಂಬಂಧಿ) ಒಳಗೆ ಹೋದರೆ ಅದಕ್ಕೆ ಹೊಂದುವ ಜೀನಿನ ಸಂದೇಶವೆಲ್ಲ ನಾಶವಾಗುತ್ತದೆ. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಜೀನ್ ಇರುವುದು ಡಿಎನ್ಎಯಲ್ಲಿ. ಅದರ ನಕಲು ಎಂಆರ್ಎನ್ಎ, ಕೋಶದ ಕಾರ್ಖಾನೆಗೆ ಹೋಗುವ ಚೀಟಿ. ನಾವು ಕೊಡುವ ಔಷಧಿ ಎಸ್ಐಆರ್ಎನ್ಎ: ಇಪ್ಪತ್ತೊಂದರಿಂದ ಇಪ್ಪತ್ಮೂರು ಅಕ್ಷರಗಳ ಎರಡೆಳೆ. ಕೋಶದೊಳಗೆ ರಿಸ್ಕ್ ಎಂಬ ಪ್ರೋಟೀನ್ ಕೂಟ (ಅಪಾಯಕ್ಕೂ ಈ ಹೆಸರಿಗೂ ಸಂಬಂಧವಿಲ್ಲ) ಒಂದೆಳೆಯನ್ನು ಬಿಸಾಕಿ ಇನ್ನೊಂದನ್ನು ಇಟ್ಟುಕೊಳ್ಳುತ್ತದೆ. ಆ ಎಳೆಗೆ ಸರಿಯಾಗಿ ಜೋಡಿಯಾಗುವ ಚೀಟಿ ಎದುರಾದಾಗಲೆಲ್ಲ ಕತ್ತರಿಸುತ್ತದೆ, ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಒಂದೇ ಎಳೆ ನೂರಾರು ಚೀಟಿಗಳನ್ನು ಹರಿದುಹಾಕಬಲ್ಲದು. ಡಿಎನ್ಎಗೆ ಏನೂ ಆಗುವುದಿಲ್ಲ. ಹಾಗಾಗಿ ಔಷಧಿ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಜೀನ್ ಮತ್ತೆ ಮಾತಾಡಲು ಶುರುಮಾಡುತ್ತದೆ. ಮಕ್ಕಳ ವಿಷಯದಲ್ಲಿ ಇದು ಏಕಕಾಲಕ್ಕೆ ತೊಂದರೆಯೂ ಹೌದು, ಸಮಾಧಾನವೂ ಹೌದು. ಜೀವಮಾನವಿಡೀ ಚುಚ್ಚಿಸಿಕೊಳ್ಳಬೇಕು. ಆದರೆ ಏನಾದರೂ ಎಡವಟ್ಟಾದರೆ ನಿಲ್ಲಿಸಬಹುದು. ಡಿಎನ್ಎಯನ್ನೇ ತಿದ್ದುವ ವಿಧಾನದಲ್ಲಿ ಈ ಹಿಂದೆ ಸರಿಯುವ ದಾರಿ ಇಲ್ಲ.

ವಿಳಾಸದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಬರಿಯ ಎಸ್ಐಆರ್ಎನ್ಎಯನ್ನು ರಕ್ತಕ್ಕೆ ಬಿಟ್ಟರೆ ನಿಮಿಷಗಳಲ್ಲಿ ಚೂರಾಗುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಅದಕ್ಕೇ ಅಕ್ಷರಗಳಿಗೆ ರಾಸಾಯನಿಕ ಕವಚ ತೊಡಿಸಿ, ಬಾಲಕ್ಕೆ ಗಾಲ್ನ್ಯಾಕ್ ಎಂಬ ಸಕ್ಕರೆಯ ಮೂರು ಕೊಂಡಿ ಕಟ್ಟುತ್ತಾರೆ. ಲಿವರ್ ಕೋಶಗಳ ಮೈಮೇಲೆ ಈ ಸಕ್ಕರೆಯನ್ನು ಹಿಡಿದು ಒಳಗೆಳೆಯುವ ಗ್ರಾಹಕಗಳು ಲಕ್ಷಗಟ್ಟಲೆ ಇವೆ. ಆದ್ದರಿಂದ ತೊಡೆಗೆ ಚುಚ್ಚಿದ ಔಷಧಿ ನೇರ ಲಿವರ್‌ಗೆ ಹೋಗಿ ಸೇರುತ್ತದೆ. ಒಳಗೆ ಹೋದದ್ದರಲ್ಲಿ ಕೋಶದ ಚೀಲಗಳಿಂದ ತಪ್ಪಿಸಿಕೊಂಡು ಕೆಲಸಕ್ಕೆ ಇಳಿಯುವುದು ಶೇ 1ಕ್ಕಿಂತಲೂ ಕಡಿಮೆ. ಉಳಿದದ್ದು ಆ ಚೀಲಗಳಲ್ಲೇ ಕೂತು, ಕಣಜದಿಂದ ಭತ್ತ ತೆಗೆದ ಹಾಗೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಮೂರು ತಿಂಗಳಿಗೊಂದು ಇಂಜೆಕ್ಷನ್ ಸಾಕಾಗುವುದು ಇದರಿಂದಲೇ.

ಪಿಎಚ್1ಗೆ ಹೀಗೆ ತಯಾರಾದ ಔಷಧಿ ಲುಮಾಸಿರಾನ್. 2020ರ ನವೆಂಬರ್‌ನಲ್ಲಿ ಯುರೋಪ್ ಮತ್ತು ಅಮೆರಿಕ ಎರಡೂ ಕಡೆ, ಎಲ್ಲ ವಯಸ್ಸಿನವರಿಗೂ, ಹಸುಗೂಸುಗಳಿಗೂ ಸೇರಿಸಿ, ಒಪ್ಪಿಗೆ ಸಿಕ್ಕಿತು. 2023ರಲ್ಲಿ ನೆಡೊಸಿರಾನ್ ಎಂಬ ಇನ್ನೊಂದು ಬಂತು. ಅದರ ಗುರಿ ಗ್ಲೈಆಕ್ಸಲೇಟನ್ನು ಆಕ್ಸಲೇಟ್ ಮಾಡುವ ಕೊನೆಯ ಹಂತದ ಕಿಣ್ವ ಎಲ್‌ಡಿಎಚ್ಎ, ಆಗ ಒಪ್ಪಿಗೆ ಸಿಕ್ಕಿದ್ದು 9 ವರ್ಷ ಮೇಲ್ಪಟ್ಟವರಿಗೆ.

ಇಂಜೆಕ್ಷನ್ ಮಾತಿಗೆ ಹೋಗುವ ಮೊದಲು ರೋಗ ಗುರುತಿಸುವುದರ ಬಗ್ಗೆ ಹೇಳಲೇಬೇಕು. ನನ್ನ ಪ್ರಕಾರ ನಮ್ಮ ಕಡೆ ಸೋಲುವುದು ಔಷಧಿಯಲ್ಲಿ ಅಲ್ಲ, ಇಲ್ಲಿ.

ದೊಡ್ಡವರಿಗೆ ಕಿಡ್ನಿ ಕಲ್ಲಾದರೆ ‘ನೀರು ಕಡಿಮೆ ಕುಡಿದಿರಿ’ ಎಂದು ಮುಗಿಸಬಹುದು. ಮಗುವಿಗೆ ಆದರೆ ಹಾಗೆ ಮುಗಿಸಬಾರದು. ಒಂದೇ ಒಂದು ಕಲ್ಲಾದರೂ ಸರಿ, ಕಾರಣ ಹುಡುಕಬೇಕು. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿಯ ಒಳಭಾಗ ಹೊಳೆಯುತ್ತಿದ್ದರೆ, ವರದಿಯಲ್ಲಿ ‘ನೆಫ್ರೋಕ್ಯಾಲ್ಸಿನೋಸಿಸ್’ (ಕಿಡ್ನಿಯೊಳಗೆ ಕ್ಯಾಲ್ಸಿಯಂ ಕೂತಿದೆ) ಎಂದಿದ್ದರೆ, ಒಂದು ವರ್ಷದೊಳಗಿನ ಮಗು ತೂಕ ಏರದೆ ಕಿಡ್ನಿ ಸೋಲುತ್ತಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಡಯಾಲಿಸಿಸ್ ಆಗಿದ್ದರೆ, ಅಪ್ಪ ಅಮ್ಮ ಸೋದರ ಸಂಬಂಧದವರಾಗಿದ್ದರೆ ಮೊದಲು ನೆನಪಾಗಬೇಕಾದ್ದು ಆಕ್ಸಲೇಟ್. ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿಸುತ್ತ ಆರು ತಿಂಗಳು ಕಳೆಯುವುದುಂಟು. ಹುರುಳಿ ಕಟ್ಟಿನಿಂದ ಅಂಥ ಕೇಡೇನಿಲ್ಲ, ಕಳೆದುಹೋದ ಆರು ತಿಂಗಳಿನಿಂದ ಕೇಡು. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಆಗಲೇ ಸೋತಿರುವ ಮಗುವಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಬಿಂಬುಳಿ, ಕಮರಾಕ್ಷಿಯ ರಸವನ್ನಂತೂ ಔಷಧಿ ಎಂದು ಕುಡಿಸಲೇಬೇಡಿ. ಅವು ಆಕ್ಸಲೇಟಿನ ಕೊಪ್ಪರಿಗೆಗಳು. ಗಟ್ಟಿ ರಸ ಕುಡಿದು ಆರೋಗ್ಯವಂತರ ಕಿಡ್ನಿ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಪರೀಕ್ಷೆ 24 ಗಂಟೆಯ ಮೂತ್ರದ್ದು. ಕೇಳಲು ಸುಲಭ, ಸರಿಯಾಗಿ ಆಗುವುದು ಕಡಿಮೆ. ಭಾನುವಾರ ಹಿಡಿಯಿರಿ, ಶಾಲೆಯ ದಿನ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನು ಚೆಲ್ಲಿ, ಗಂಟೆ ಬರೆದಿಡಿ. ಅಲ್ಲಿಂದ ಮರುದಿನ ಅದೇ ಗಂಟೆಯವರೆಗೆ ಒಂದು ಹನಿ ಬಿಡದೆ ಕ್ಯಾನ್‌ಗೆ, ಮರುದಿನದ ಮೊದಲ ಮೂತ್ರವೂ ಸೇರಿ. ಮಧ್ಯದಲ್ಲಿ ಒಮ್ಮೆ ತೋಟದ ಕಡೆ ಹೋಗಿ ಬಂದಿದ್ದರೆ ಲೆಕ್ಕ ಹೋಯಿತು, ಮತ್ತೊಂದು ದಿನ ಮಾಡಿ. ವಿಟಮಿನ್ ಸಿ ಮಾತ್ರೆ, ಸಿರಪ್ ಇದ್ದರೆ ಅಷ್ಟು ದಿನ ನಿಲ್ಲಿಸಿ, ಅದು ಆಕ್ಸಲೇಟ್ ಆಗಿ ಲೆಕ್ಕ ಏರಿಸುತ್ತದೆ. ಮಾದರಿಗೆ ಆಮ್ಲ ಬೆರೆಸದಿದ್ದರೆ ಆಕ್ಸಲೇಟ್ ಹರಳಾಗಿ ಕ್ಯಾನಿನ ತಳಕ್ಕೆ ಅಂಟಿಕೊಳ್ಳುತ್ತದೆ, ಫಲಿತಾಂಶ ಸುಳ್ಳೇ ಕಡಿಮೆ ಬರುತ್ತದೆ. ಆಮ್ಲ ಯಾರು, ಯಾವಾಗ ಹಾಕುತ್ತಾರೆ ಎಂದು ಲ್ಯಾಬಿನವರನ್ನು ಮೊದಲೇ ಕೇಳಿ. ಆಮ್ಲ ಹಾಕಿದ ಕ್ಯಾನ್ ಮನೆಗೆ ಕೊಟ್ಟರೆ ಮಗು ನೇರ ಅದಕ್ಕೇ ಮಾಡಬಾರದು, ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬೇಕು. ಒಂದೇ ಮಾದರಿ ನಂಬಬೇಡಿ, ಎರಡಾದರೂ ಇರಲಿ.

ಇನ್ನು ವರದಿ ಓದುವಾಗಿನ ತಪ್ಪು. ಇದು ಎಷ್ಟು ಸುಲಭವಾಗಿ ಆಗುತ್ತದೆ ಎಂದರೆ ಬೇಸರವಾಗುತ್ತದೆ. 15 ಕೆಜಿಯ ಮಗು ಎಂದುಕೊಳ್ಳಿ. ವರದಿಯಲ್ಲಿ ದಿನಕ್ಕೆ 35 ಮಿಲಿಗ್ರಾಂ ಆಕ್ಸಲೇಟ್, ಪಕ್ಕದಲ್ಲಿ ‘ನಾರ್ಮಲ್: 45ರ ಒಳಗೆ’ ಎಂದು ಮುದ್ರಿಸಿರುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಆ 45 ವಯಸ್ಕನ ಮೈಗೆ, ಅಂದರೆ 1.73 ಚದರ ಮೀಟರ್ ಮೈ ವಿಸ್ತೀರ್ಣಕ್ಕೆ. 15 ಕೆಜಿ ಮಗುವಿನ ಮೈ ಸುಮಾರು 0.64 ಚದರ ಮೀಟರ್. 1.73ನ್ನು 0.64ರಿಂದ ಭಾಗಿಸಿದರೆ 2.7. ಅದರಿಂದ 35ನ್ನು ಗುಣಿಸಿ: ಸುಮಾರು 95. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು! ‘ನಾರ್ಮಲ್’ ಎಂದ ವರದಿಯೇ ಪಿಎಚ್1 ಕಡೆ ಬೆರಳು ತೋರಿಸುತ್ತಿತ್ತು. ಶಿಶುಗಳಲ್ಲಿ 24 ಗಂಟೆ ಹಿಡಿಯುವುದು ಆಗದ ಮಾತು. ಅಲ್ಲಿ ಒಂದು ಸಲದ ಮೂತ್ರದಲ್ಲಿ ಆಕ್ಸಲೇಟ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡುತ್ತಾರೆ. ಆ ಅನುಪಾತ ಹಸುಗೂಸಿನಲ್ಲಿ ಸಹಜವಾಗಿಯೇ ಜಾಸ್ತಿ, ವಯಸ್ಸಿಗೆ ತಕ್ಕ ಪಟ್ಟಿ ಇಟ್ಟುಕೊಂಡೇ ಓದಬೇಕು. ಕಿಡ್ನಿ ಪೂರಾ ಸೋತ ಮೇಲೆ ಮೂತ್ರದ ಲೆಕ್ಕವೇ ಕೆಲಸಕ್ಕೆ ಬಾರದು. ಆಗ ರಕ್ತದ ಆಕ್ಸಲೇಟ್ ನೋಡಬೇಕು, ಮಾದರಿಯನ್ನು ಐಸ್ ಮೇಲೆ ಇಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್ ಮಾಡಬೇಕು. ರಾತ್ರಿ ಬಸ್ಸಿನಲ್ಲಿ ಬ್ಯಾಗಿನೊಳಗೆ ಕಳಿಸಿದ ಮಾದರಿಯ ಫಲಿತಾಂಶಕ್ಕೆ ಅರ್ಥವಿಲ್ಲ.

ಮೂತ್ರದಲ್ಲಿ ಹೆಚ್ಚು ಬಂದರೆ ಜೀನ್ ಪರೀಕ್ಷೆ. ಮೂರು ಜೀನುಗಳನ್ನು ನೋಡುತ್ತಾರೆ, ಒಂದೊಂದೂ ಒಂದೊಂದು ಟೈಪ್. ಲುಮಾಸಿರಾನ್ ಟೈಪ್ 1ಕ್ಕೆ ಮಾತ್ರ. ಟೈಪ್ 2, ಟೈಪ್ 3ರಲ್ಲಿ ಆಕ್ಸಲೇಟ್ ಬರುವ ದಾರಿಯೇ ಬೇರೆ, ಗಾಜನೂರಿನ ಗೇಟು ಇಳಿಸಿ ಭದ್ರೆಯ ನೆರೆ ತಡೆಯಲಾಗದು. ಜೀನ್ ವರದಿ ಬರುವವರೆಗೆ ಸುಮ್ಮನೆ ಕೂರುವುದಲ್ಲ. ನೀರು ಶುರುಮಾಡಬೇಕು: ಮೈ ವಿಸ್ತೀರ್ಣದ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 2ರಿಂದ 3 ಲೀಟರ್. ನಮ್ಮ 15 ಕೆಜಿ ಮಗುವಿಗೆ 1.3ರಿಂದ 1.9 ಲೀಟರ್, ರಾತ್ರಿಯೂ ಸೇರಿ. ಹಗಲೆಲ್ಲ ಕುಡಿದು ರಾತ್ರಿ ಹತ್ತು ಗಂಟೆ ಒಣಗಿದರೆ ಹರಳು ಕಟ್ಟುವುದು ಆ ಹತ್ತು ಗಂಟೆಯಲ್ಲೇ. ಚಳಿಗಾಲದ ತೀರ್ಥಹಳ್ಳಿಯಲ್ಲಿ ಮಗುವನ್ನು ನಡುರಾತ್ರಿ ಎಬ್ಬಿಸಿ ನೀರು ಕುಡಿಸುವುದು ಎಂಥ ಶಿಕ್ಷೆ ಎಂದು ತಾಯಂದಿರಿಗೇ ಗೊತ್ತು, ಶಿಶುಗಳಿಗೆ ಮೂಗಿನ ನಳಿಕೆ ಹಾಕಬೇಕಾಗುವುದೂ ಉಂಟು. ಜೊತೆಗೆ ಹರಳು ಕಟ್ಟದಂತೆ ಪೊಟ್ಯಾಸಿಯಂ ಸಿಟ್ರೇಟ್. ಮತ್ತೆ ವಿಟಮಿನ್ ಬಿ6: ಕೆಲವು ಬಗೆಯ ಜೀನ್ ದೋಷದಲ್ಲಿ ಅದೊಂದೇ ಎಜಿಟಿಯನ್ನು ಚುರುಕಾಗಿಸುತ್ತದೆ. ಕೆಜಿಗೆ 5 ಮಿಲಿಗ್ರಾಂನಂತೆ ಕನಿಷ್ಠ ಮೂರು ತಿಂಗಳು ಕೊಟ್ಟು, ಆಕ್ಸಲೇಟ್ ಶೇ 30ಕ್ಕಿಂತ ಹೆಚ್ಚು ಇಳಿಯಿತೇ ನೋಡುತ್ತಾರೆ. ಇಳಿದರೆ ಆ ಮಗುವಿನ ಪುಣ್ಯ, ಮೆಡಿಕಲ್ ಶಾಪಿನ ಅಗ್ಗದ ಮಾತ್ರೆ ದುಬಾರಿ ಇಂಜೆಕ್ಷನ್ನಿನ ಅಗತ್ಯವನ್ನೇ ಕಡಿಮೆ ಮಾಡೀತು. ವಿಟಮಿನ್ ತಾನೇ ಎಂದು ಡೋಸ್ ಏರಿಸುತ್ತ ಹೋದರೆ ನರ ಕೆಡುತ್ತದೆ, ಎಚ್ಚರ.

ಈಗ ಸಿರಿಂಜ್. ಲುಮಾಸಿರಾನ್ ವಯಲ್‌ನಲ್ಲಿ ಇರುವುದು ಅರ್ಧ ಮಿಲಿ, ಅದರಲ್ಲಿ 94.5 ಮಿಲಿಗ್ರಾಂ. ಅಂದರೆ ಒಂದು ಮಿಲಿಗೆ 189. ತೂಕದ ಮೇಲೆ ಮೂರು ಗುಂಪು. 10 ಕೆಜಿಗಿಂತ ಕಡಿಮೆಯಿದ್ದರೆ ಕೆಜಿಗೆ 6 ಮಿಲಿಗ್ರಾಂ ತಿಂಗಳಿಗೊಂದರಂತೆ ಮೂರು ಸಲ, ಆಮೇಲೆ ಕೆಜಿಗೆ 3 ಮಿಲಿಗ್ರಾಂ ಪ್ರತಿ ತಿಂಗಳೂ. 10ರಿಂದ 20 ಕೆಜಿಯೊಳಗೆ ಕೆಜಿಗೆ 6ರಂತೆ ತಿಂಗಳಿಗೊಂದು ಮೂರು ಸಲ, ಆಮೇಲೆ ಅದೇ 6 ಮೂರು ತಿಂಗಳಿಗೊಮ್ಮೆ. 20 ಕೆಜಿ ಮತ್ತು ಮೇಲೆ ಕೆಜಿಗೆ 3ರಂತೆ ಮೂರು ಸಲ, ಆಮೇಲೆ ಅದೇ 3 ಮೂರು ತಿಂಗಳಿಗೊಮ್ಮೆ. ಚಿಕ್ಕ ಮಗುವಿಗೆ ಕೆಜಿ ಲೆಕ್ಕದಲ್ಲಿ ಜಾಸ್ತಿ ಯಾಕೆ ಎಂದು ಕೇಳುವವರಿದ್ದಾರೆ. ಮೈತೂಕಕ್ಕೆ ಹೋಲಿಸಿದರೆ ಶಿಶುವಿನ ಲಿವರ್ ದೊಡ್ಡದು: ದೊಡ್ಡವರಲ್ಲಿ ತೂಕದ ಶೇ 2ರಷ್ಟು, ಶಿಶುವಿನಲ್ಲಿ ಶೇ 4ರ ಹತ್ತಿರ. ಜೊತೆಗೆ ಅದು ಬೆಳೆಯುತ್ತಲೇ ಇರುತ್ತದೆ, ಹೊಸ ಕೋಶಗಳಲ್ಲಿ ಔಷಧಿ ಇರುವುದಿಲ್ಲ.

ನಮ್ಮ 15 ಕೆಜಿ ಮಗುವಿಗೆ 6ರಂತೆ 90 ಮಿಲಿಗ್ರಾಂ. 90 ಭಾಗಿಸು 189: 0.476, ಅಂದರೆ 0.48 ಮಿಲಿ. ಒಂದೇ ವಯಲ್ ಸಾಕು. ಲೇಬಲ್ ಮೇಲಿನ 94.5ನ್ನು ‘ಒಂದು ಮಿಲಿಗೆ 94.5’ ಎಂದು ಓದಿದವರು 0.95 ಮಿಲಿ ಎಂದು ಲೆಕ್ಕ ಹಾಕಿ ಎರಡನೇ ವಯಲ್ ಒಡೆಯುತ್ತಾರೆ, ಮಗುವಿಗೆ ಎರಡರಷ್ಟು ಹೋಗುತ್ತದೆ. 15 ಕೆಜಿಯೊಳಗಿನ ಮಗುವಿಗೆ ಎರಡನೇ ವಯಲ್ ಬೇಕೆಂದು ಲೆಕ್ಕ ಬಂದರೆ ಕೈ ನಿಲ್ಲಿಸಿ ಮತ್ತೊಮ್ಮೆ ಗುಣಿಸಿ.

ಇನ್ನೊಂದು ಎಡವುವ ಜಾಗ 10 ಕೆಜಿಯ ಗಡಿ. ಹೋದ ತಿಂಗಳು 9.6 ಕೆಜಿ ಇದ್ದಾಗ 28.8 ಮಿಲಿಗ್ರಾಂ, ಅಂದರೆ 0.15 ಮಿಲಿ ಕೊಟ್ಟಿರುತ್ತೀರಿ. ಈ ತಿಂಗಳು 10.2 ಕೆಜಿ ಆಯಿತು ಎಂದರೆ ಗುಂಪೇ ಬದಲು: 61.2 ಮಿಲಿಗ್ರಾಂ, 0.32 ಮಿಲಿ, ಇನ್ನು ಮೂರು ತಿಂಗಳಿಗೊಮ್ಮೆ. ಹಳೇ ಚೀಟಿ ನೋಡಿ ಚುಚ್ಚಿ, ಅಂತರ ಮಾತ್ರ ಹೊಸದು ಹಿಡಿದರೆ ಮೂರು ತಿಂಗಳು ಮಗು ಅರ್ಧ ಔಷಧಿಯಲ್ಲಿ ಇರುತ್ತದೆ. ಪ್ರತಿ ಸಲವೂ ಅದೇ ತಕ್ಕಡಿ, ಸ್ವೆಟರ್ ಬಿಚ್ಚಿಸಿ ತೂಕ. ಮಲೆನಾಡಿನ ಡಿಸೆಂಬರ್‌ನಲ್ಲಿ ಸ್ವೆಟರ್, ಟೊಪ್ಪಿ, ಬೂಟು ಎಲ್ಲ ಸೇರಿ ಅರ್ಧ ಕೆಜಿ ಸುಲಭವಾಗಿ ಆಗುತ್ತದೆ.

ಚುಚ್ಚುವುದು ಚರ್ಮದ ಅಡಿಗೆ, ಇನ್ಸುಲಿನ್ ಹಾಗೆ: ಹೊಟ್ಟೆ, ತೊಡೆ ಅಥವಾ ತೋಳಿನ ಮೇಲ್ಭಾಗ. ಹೊಕ್ಕುಳಿನ ಸುತ್ತ, ಗಾಯದ ಕಲೆಯ ಮೇಲೆ, ಕೆಂಪಾದ ಜಾಗಕ್ಕೆ ಬೇಡ. 1.5 ಮಿಲಿಗಿಂತ ಹೆಚ್ಚಾದರೆ ಎರಡು ಕಡೆ ಹಂಚಿ. ವಯಲ್ ಒಂದೇ ಸಲಕ್ಕೆ, ಉಳಿದದ್ದನ್ನು ಎಷ್ಟೇ ಬೆಲೆಯದಾದರೂ ಚೆಲ್ಲಬೇಕು. ಚುಚ್ಚಿದ ಜಾಗ ಕೆಂಪಾಗಿ ನೋಯುವುದು ಸಾಮಾನ್ಯ, ಪ್ರಯೋಗಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗಿದೆ, ತಾನಾಗಿ ಹೋಗುತ್ತದೆ.

ಫಲ? 6 ವರ್ಷ ಮೇಲ್ಪಟ್ಟವರ ಪ್ರಯೋಗದಲ್ಲಿ ಮೂತ್ರದ ಆಕ್ಸಲೇಟ್ ಸರಾಸರಿ ಶೇ 65ರಷ್ಟು ಇಳಿಯಿತು, ಆರು ತಿಂಗಳ ಹೊತ್ತಿಗೆ ಶೇ 84 ಜನ ಮಿತಿಯ ಒಂದೂವರೆ ಪಟ್ಟಿನೊಳಗೆ ಬಂದರು. 6 ವರ್ಷದೊಳಗಿನ 18 ಮಕ್ಕಳಲ್ಲಿ ಇಳಿಕೆ ಶೇ 72ರಷ್ಟು. ಇದಕ್ಕೆ ಮುಂಚೆ ಇದ್ದ ದಾರಿ ಯಾವುದು ಗೊತ್ತೇ? ಒಂದೇ ಒಂದು ಕಿಣ್ವ ಬಿಟ್ಟರೆ ಸಂಪೂರ್ಣ ಆರೋಗ್ಯವಾಗಿರುವ ಲಿವರನ್ನು ತೆಗೆದು ಬೇರೆಯವರದ್ದು ಕೂರಿಸುವುದು, ಸೋತ ಕಿಡ್ನಿಯನ್ನೂ ಬದಲಿಸುವುದು. ಅರ್ಧ ಮಿಲಿಯ ಮುಂದೆ ಅದನ್ನಿಟ್ಟು ನೋಡಿ. ಆದರೆ ಆಗಲೇ ಆದ ಕಲ್ಲು ಇಂಜೆಕ್ಷನ್ನಿನಿಂದ ಮಾಯವಾಗದು. ಕಿಡ್ನಿ ಸೋತು ವರ್ಷಗಳಾದ ಮಗುವಿನ ಮೂಳೆಯಲ್ಲಿ ಆಕ್ಸಲೇಟ್ ತುಂಬಿಕೊಂಡಿರುತ್ತದೆ, ಲಿವರ್ ತಯಾರಿಕೆ ನಿಲ್ಲಿಸಿದ ಮೇಲೂ ಅದು ಬಹಳ ಕಾಲ ರಕ್ತಕ್ಕೆ ಒಸರುತ್ತಲೇ ಇರುತ್ತದೆ. ಮೊದಲ ಆರು ತಿಂಗಳು ನೋಡಿ ‘ಔಷಧಿ ತಾಗಲಿಲ್ಲ’ ಎನ್ನಬಾರದು. ಹಾಗೆಯೇ ಆಕ್ಸಲೇಟ್ ಇಳಿದ ಖುಷಿಯಲ್ಲಿ ರಾತ್ರಿಯ ನೀರನ್ನು ಹೇಳದೆ ಕೇಳದೆ ಬಿಡುವುದೂ ತಪ್ಪು.

ಇಷ್ಟು ಚೆನ್ನಾಗಿ ಆಗುವುದಾದರೆ ಬೇರೆ ಮಕ್ಕಳ ಕಾಯಿಲೆಗಳಿಗೆ? ಉತ್ತರ ಮತ್ತೆ ವಿಳಾಸಕ್ಕೇ ಬರುತ್ತದೆ. ಸಕ್ಕರೆಯ ಕೊಂಡಿ ಲಿವರ್‌ಗೆ ಮಾತ್ರ ದಾರಿ ತೋರಿಸುತ್ತದೆ. ಮಿದುಳಿಗೆ ಹೋಗಬೇಕೆಂದರೆ ಸೊಂಟದಲ್ಲಿ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಬಿಡಬೇಕು. ಸ್ನಾಯುಗಳು ಸೊರಗುವ ಎಸ್ಎಂಎ ಕಾಯಿಲೆಯ ಮಕ್ಕಳಿಗೆ ಕೊಡುವ ನುಸಿನೆರ್ಸೆನ್ ಹೀಗೇ ಹೋಗುತ್ತದೆ. ಅದನ್ನೂ ‘ಜೀನ್ ಸೈಲೆನ್ಸಿಂಗ್’ ಪಟ್ಟಿಗೆ ಸೇರಿಸುವವರಿದ್ದಾರೆ. ಸರಿಯಲ್ಲ. ಅದು ಒಂದೆಳೆಯ ಔಷಧಿ, ಎಸ್ಎಂಎನ್2 ಜೀನಿನ ಚೀಟಿ ಜೋಡಣೆಯಾಗುವಾಗ ಬಿಟ್ಟುಹೋಗುವ ತುಂಡನ್ನು ಸೇರಿಸುತ್ತದೆ. ಬಾಯಿ ಮುಚ್ಚಿಸುವುದಲ್ಲ, ಮಾತು ತಿದ್ದುವುದು. ಕೊಡುವ ಕ್ರಮ ಮಾತ್ರ ತಿಳಿದಿರಲಿ: 12 ಮಿಲಿಗ್ರಾಂ, 5 ಮಿಲಿಯಲ್ಲಿ. ಮೊದಲ ದಿನ, 14ನೇ ದಿನ, 28ನೇ ದಿನ, ಅಲ್ಲಿಂದ 30 ದಿನಕ್ಕೆ ನಾಲ್ಕನೆಯದು, ನಂತರ ನಾಲ್ಕು ತಿಂಗಳಿಗೊಮ್ಮೆ. ಮೊದಲು ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವಿಕೆ, ಮೂತ್ರದ ಪ್ರೋಟೀನ್ ನೋಡಿ, 5 ಮಿಲಿ ದ್ರವ ತೆಗೆದು, ಅಷ್ಟೇ ಔಷಧಿಯನ್ನು ಒಂದರಿಂದ ಮೂರು ನಿಮಿಷದಲ್ಲಿ ನಿಧಾನವಾಗಿ ಬಿಡುತ್ತಾರೆ. ಬೆನ್ನು ಬಾಗಿದ ಮಗುವಿನಲ್ಲಿ ಸೂಜಿ ಸೇರಿಸುವುದೇ ಹರಸಾಹಸ. ವಯಲ್ 2ರಿಂದ 8 ಡಿಗ್ರಿಯಲ್ಲಿರಬೇಕು, ಪೆಟ್ಟಿಗೆಯೊಳಗೇ ಇದ್ದರೆ 30 ಡಿಗ್ರಿ ಮೀರದಂತೆ 14 ದಿನ ತಡೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರುಗಳಿಗೆ ಈ 14 ದಿನ ದೊಡ್ಡ ಉಪಕಾರ. ಫ್ರೀಜರ್‌ನಲ್ಲಿಟ್ಟರೆ ಮಾತ್ರ ಕೆಟ್ಟಿತು.

ಮಕ್ಕಳ ಮಿದುಳಿನಲ್ಲಿ ನಿಜವಾಗಿ ಬಾಯಿ ಮುಚ್ಚಿಸುವ ಪ್ರಯತ್ನಗಳು ಇನ್ನೂ ಪರೀಕ್ಷೆಯಲ್ಲಿವೆ. ಅದರಲ್ಲಿ ಏಂಜೆಲ್‌ಮನ್ ಸಿಂಡ್ರೋಮ್‌ನದು ತುಂಬ ಸೊಗಸಾದ ತರ್ಕ. ಮಗುವಿನ ಮಾತು, ನಡಿಗೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಈ ಕಾಯಿಲೆಯಲ್ಲಿ ಅಮ್ಮನಿಂದ ಬಂದ ಯುಬಿಇ3ಎ ಜೀನ್ ಇಲ್ಲ. ಅಪ್ಪನದು ಇದೆ, ಆದರೆ ಮಿದುಳಿನಲ್ಲಿ ಇನ್ನೊಂದು ಆರ್ಎನ್ಎ ಅದರ ಬಾಯಿ ಮುಚ್ಚಿಸಿ ಕೂತಿದೆ. ಔಷಧಿ ಆ ಮುಚ್ಚಿಸುವವನ ಬಾಯಿಯನ್ನೇ ಮುಚ್ಚಿಸುತ್ತದೆ, ಅಪ್ಪನ ಜೀನ್ ಮಾತಾಡುತ್ತದೆ. ಆದರೆ 2020ರಲ್ಲಿ ಅಂಥ ಒಂದು ಪ್ರಯೋಗದಲ್ಲಿ ಐವರು ಮಕ್ಕಳಿಗೂ ಕಾಲು ಸೋತಿತು. ಸೂಜಿ ಹಾಕಿದ ಜಾಗದ ನರಬೇರುಗಳು ಊದಿಕೊಂಡಿದ್ದವು. ಎಲ್ಲರೂ ಚೇತರಿಸಿಕೊಂಡರು. ಡೋಸ್ ಇಳಿಸಿ, ಕೊಡುವ ಕ್ರಮ ಬದಲಿಸಿ ಮತ್ತೆ ಶುರುಮಾಡಿದರು. ಕೆಸಿಎನ್‌ಟಿ1 ಜೀನಿನ ಭೀಕರ ಅಪಸ್ಮಾರಕ್ಕೆಂದು ತಯಾರಿಸಿದ ಔಷಧಿಯಲ್ಲಿ ಇಬ್ಬರಿಗೆ ಮಿದುಳಿನಲ್ಲಿ ನೀರು ತುಂಬಿತು, ಒಂದು ಮಗು ಉಳಿಯಲಿಲ್ಲ. ಲಿವರ್‌ನಲ್ಲಿ ಸಿಕ್ಕ ಸಲೀಸು ಮಿದುಳಿನಲ್ಲಿ ಸಿಕ್ಕಿಲ್ಲ. ಯಾರಾದರೂ ಸಿಕ್ಕಿದೆ ಎಂದರೆ ಎಷ್ಟು ಮಕ್ಕಳಲ್ಲಿ, ಎಷ್ಟು ತಿಂಗಳು ನೋಡಿದ್ದೀರಿ ಎಂದು ಕೇಳಿ.

ಸಾಗರದ ಕಡೆಯವರಿಗೆ ಇಲ್ಲಿ ಹಂದಿಗೋಡು ನೆನಪಾಗದೆ ಇರದು. 1970ರ ದಶಕದ ಮಧ್ಯದಲ್ಲಿ ಹೊರಜಗತ್ತಿಗೆ ಗೊತ್ತಾದ, ಸೊಂಟ ಮಂಡಿಯ ಕೀಲುಗಳನ್ನು ಸವೆಸಿ ನಡಿಗೆಯನ್ನೇ ಕಸಿಯುವ ಕಾಯಿಲೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಬರುವ ಬಗೆ. ಒಂದು ಪ್ರತಿ ಕೆಟ್ಟರೂ ಸಾಕು ಎನ್ನುವ ಕಾಯಿಲೆಗಳೇ, ಪುಸ್ತಕದ ಲೆಕ್ಕದಲ್ಲಿ, ಬಾಯಿ ಮುಚ್ಚಿಸುವ ಚಿಕಿತ್ಸೆಗೆ ಹೇಳಿ ಮಾಡಿಸಿದಂಥವು: ಕೆಟ್ಟ ಪ್ರತಿಯನ್ನು ಸುಮ್ಮನಾಗಿಸು, ಒಳ್ಳೆಯದು ಉಳಿಯಲಿ. ಆದರೆ ನಡುವೆ ಮೂರು ಗೋಡೆಗಳಿವೆ. ತಪ್ಪಿದ ಅಕ್ಷರ ಯಾವ ಜೀನಿನದು ಎಂದು ಖಚಿತವಾಗಬೇಕು. ಆ ಒಂದಕ್ಷರದ ವ್ಯತ್ಯಾಸ ಹಿಡಿದು ಕೆಟ್ಟದ್ದನ್ನು ಮಾತ್ರ ಕತ್ತರಿಸುವಂತಿರಬೇಕು. ಮೂರನೆಯದು ಮೃದ್ವಸ್ಥಿ, ಕೀಲಿನ ಮೆತ್ತನೆಯ ಮೂಳೆ. ಅದರೊಳಗೆ ರಕ್ತನಾಳವೇ ಇಲ್ಲ, ಗಾಲ್ನ್ಯಾಕ್‌ನಂಥ ವಿಳಾಸದ ಚೀಟಿಯೂ ಅದಕ್ಕಿಲ್ಲ. ಮೂಳೆಯ ಬೆಳವಣಿಗೆ ಹದಿಹರೆಯದ ಕೊನೆಗೆ ಮುಗಿಯುವುದರಿಂದ ಔಷಧಿ ಬಂದರೂ ಎಳವೆಯಲ್ಲೇ ಕೊಡಬೇಕು. ಆ ಕುಟುಂಬಗಳ ಬಾಗಿಲಿಗೆ ‘ಜೀನ್ ಚಿಕಿತ್ಸೆ’ ಹೆಸರಲ್ಲಿ ಯಾರಾದರೂ ಬಂದರೆ ಈ ಮೂರು ಗೋಡೆ ದಾಟಿದ್ದು ಹೇಗೆ ಎಂದು ಕೇಳಬೇಕು.

ದುಡ್ಡು ಮತ್ತು ಕಾಗದ. ಲುಮಾಸಿರಾನ್‌ನ ಪಟ್ಟಿ ಬೆಲೆ ವರ್ಷಕ್ಕೆ ಹಲವು ಲಕ್ಷ ಡಾಲರ್. ನಮ್ಮಲ್ಲಿ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗೆ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ, ಅದೂ ಗುರುತಿಸಿದ ಉತ್ಕೃಷ್ಟತಾ ಕೇಂದ್ರದ ಮೂಲಕವೇ. ಕರ್ನಾಟಕಕ್ಕೆ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿ. ಮಗುವಿನ ಕಾಯಿಲೆ ಆ ದಿನದ ಪಟ್ಟಿಯಲ್ಲಿ ಇದೆಯೇ ಎಂದು ಅಲ್ಲಿಯೇ ಕೇಳಿ, ಪಟ್ಟಿ ಬದಲಾಗುತ್ತಿರುತ್ತದೆ. ಹೊರದೇಶದಿಂದ ಸ್ವಂತ ಬಳಕೆಗೆ ತರಿಸುವುದಾದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಫಾರಂ 12ಎ ಅರ್ಜಿ, ಒಪ್ಪಿಗೆ ಫಾರಂ 12ಬಿಯಲ್ಲಿ. 2023ರ ಏಪ್ರಿಲ್‌ನಿಂದ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಹೀಗೆ ತರಿಸುವ ಔಷಧಿಗೆ ಮೂಲ ಕಸ್ಟಮ್ಸ್ ಸುಂಕವಿಲ್ಲ, ಆದರೆ ಜಿಲ್ಲಾ ವೈದ್ಯಾಧಿಕಾರಿ ಅಥವಾ ಜಿಲ್ಲಾ ಸರ್ಜನ್ನರ ಪ್ರಮಾಣಪತ್ರ ಬೇಕು. ಅದು ಶಿವಮೊಗ್ಗದಲ್ಲೇ ಆಗುವ ಕೆಲಸ, ಔಷಧಿ ವಿಮಾನ ನಿಲ್ದಾಣಕ್ಕೆ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ. ಚರ್ಮದಡಿಯ ಇಂಜೆಕ್ಷನ್‌ಗೆ ಪ್ರತಿ ಸಲ 300 ಕಿಲೋಮೀಟರ್ ಹೋಗಬೇಕಿಲ್ಲ. ದೊಡ್ಡ ಕೇಂದ್ರದ ವೈದ್ಯರು ತೂಕ, ಮಿಲಿಗ್ರಾಂ, ಮಿಲಿ ಮೂರನ್ನೂ ಬರೆದುಕೊಟ್ಟರೆ ಊರಿನ ಡಾಕ್ಟರೋ ನರ್ಸೋ ಕೊಡಬಹುದು.

ಕೊನೆಯದಾಗಿ ತಮ್ಮ ತಂಗಿಯರ ವಿಷಯ. ದೊಡ್ಡ ಮಗುವಿಗೆ ಪಿಎಚ್1 ಖಚಿತವಾದ ಮನೆಯಲ್ಲಿ ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇದೆ. ತೊಟ್ಟಿಲಲ್ಲಿರುವ ಕೂಸು ಗುಂಡುಗುಂಡಾಗಿ ನಗುತ್ತಿರಬಹುದು, ಆದರೂ ಅಣ್ಣನ ಜೀನ್ ವರದಿಯ ಪ್ರತಿಯೊಂದಿಗೆ ಅದರ ರಕ್ತವನ್ನೂ ಕಳಿಸಬೇಕು. ಯಾವ ಅಕ್ಷರ ಹುಡುಕಬೇಕೆಂದು ಆಗಲೇ ಗೊತ್ತಿರುವುದರಿಂದ ಎರಡನೇ ಮಗುವಿನ ಪರೀಕ್ಷೆ ಮೊದಲನೆಯದಕ್ಕಿಂತ ಅಗ್ಗ, ಫಲಿತಾಂಶವೂ ಬೇಗ. ಆ ವರದಿಯ ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ನಮ್ಮ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯಲು ಒಂದು ವಾರ ಸಾಕು.